ಸ್ಟ್ರಿಂಗ್‌ಗಳ ಪಟ್ಟಿಯನ್ನು ನಮಗೆ ಬೇಕಾದ ಕ್ರಮದಲ್ಲಿ ಸಾರ್ಟ್ ಮಾಡುವುದು ಹೇಗೆ? (ಪೈಥಾನ್)

ಪ್ರಶ್ನೆ

ನನ್ನ ಪಟ್ಟಿಯಲ್ಲಿ "ತುರ್ತು:ವರದಿ10", "ಕಡಿಮೆ:ವರದಿ3", "ಸಾಮಾನ್ಯ:ಅಳತೆ1", "ತುರ್ತು:ವರದಿ2" ಈ ರೀತಿಯ ಸ್ಟ್ರಿಂಗ್‌ಗಳಿವೆ. ಮೊದಲು ತುರ್ತು, ಆಮೇಲೆ ಸಾಮಾನ್ಯ, ಕೊನೆಗೆ ಕಡಿಮೆ ಬರಬೇಕು. ಒಂದೇ ಗುಂಪಿನೊಳಗೆ ಹೆಸರುಗಳು ಅಕಾರಾದಿಯಾಗಿ, ವರದಿ2 ಆದಮೇಲೆ ವರದಿ10 ಬರಬೇಕು. ಸುಮ್ಮನೆ ಸಾರ್ಟ್ ಮಾಡಿದರೆ "ಕಡಿಮೆ" ಮೊದಲಿಗೆ ಬರುತ್ತದೆ, ವರದಿ10 ವರದಿ2ಕ್ಕಿಂತ ಮೇಲೆ ಹೋಗುತ್ತದೆ. ಹೋಲಿಕೆಯ ಫಂಕ್ಷನ್ ಬರೆದು ಎರಡರಲ್ಲಿ ಯಾವುದು ಚಿಕ್ಕದೆಂದು ಟ್ರೂ ಅಥವಾ ಫಾಲ್ಸ್ ಹಿಂದಿರುಗಿಸಿದೆ. ಎರರ್ ಇಲ್ಲ, ಆದರೆ ಪಟ್ಟಿ ಇದ್ದಂತೆಯೇ ಇದೆ. ಏಕೆ?

ಉತ್ತರ 1

ಪಟ್ಟಿ ಕದಲದಿರಲು ಕಾರಣ ಸರಳ. ಹೋಲಿಕೆಯ ಫಂಕ್ಷನ್ ಋಣಸಂಖ್ಯೆ, ಸೊನ್ನೆ, ಧನಸಂಖ್ಯೆ ಈ ಮೂರರಲ್ಲಿ ಒಂದನ್ನು ಕೊಡಬೇಕು. ಟ್ರೂ ಅಂದರೆ 1, ಫಾಲ್ಸ್ ಅಂದರೆ 0, ಋಣಸಂಖ್ಯೆ ಬರುವುದೇ ಇಲ್ಲ. ಪೈಥಾನ್ ಸಾರ್ಟ್ ಕೇಳುವುದು "ಇದು ಅದಕ್ಕಿಂತ ಚಿಕ್ಕದೇ?" ಎಂಬ ಒಂದೇ ಪ್ರಶ್ನೆ. ಪ್ರತಿ ಸಲವೂ ಇಲ್ಲವೆಂದರೆ ಪಟ್ಟಿ ಆಗಲೇ ಸರಿಯಾಗಿದೆ ಎಂದುಕೊಂಡು ಬಿಟ್ಟುಬಿಡುತ್ತದೆ.

ಇಲ್ಲಿ ಹೋಲಿಕೆಯ ಫಂಕ್ಷನ್ ಬೇಕಾಗಿಯೇ ಇಲ್ಲ, ಕೀ ಫಂಕ್ಷನ್ (ಪ್ರತಿ ಸ್ಟ್ರಿಂಗ್‌ನಿಂದ ಹೋಲಿಸಬೇಕಾದ ಬೆಲೆಯನ್ನು ಮಾಡಿಕೊಡುವ ಫಂಕ್ಷನ್) ಸಾಕು. ಅದು ಪ್ರತಿ ಸ್ಟ್ರಿಂಗ್‌ಗೆ ಒಂದೇ ಸಲ ಓಡುತ್ತದೆ, ಹೋಲಿಕೆಯದ್ದು ಪ್ರತಿ ಜೋಡಿಗೂ ಮತ್ತೆ ಮತ್ತೆ. ಮೊದಲು ಒಂದು ಡಿಕ್ಷನರಿ ಮಾಡಿ: ತುರ್ತು 0, ಸಾಮಾನ್ಯ 1, ಕಡಿಮೆ 2. ಸ್ಟ್ರಿಂಗನ್ನು ಮೊದಲ ವಿವರಣ ಚಿಹ್ನೆಯ (:) ಹತ್ತಿರ ಒಡೆದು (ಕ್ರಮಸಂಖ್ಯೆ, ಹೆಸರು) ಎಂಬ ಟಪಲ್ (ಬೆಲೆಗಳ ಜೋಡಿ) ಹಿಂದಿರುಗಿಸಿ. ಟಪಲ್‌ಗಳು ಎಡದಿಂದ ಹೋಲಿಕೆಯಾಗುತ್ತವೆ. ಮೊದಲನೆಯದು ಸಮವಾದರೆ ಮಾತ್ರ ಎರಡನೆಯದನ್ನು ನೋಡುತ್ತವೆ. ಡಿಕ್ಷನರಿಯಲ್ಲಿ ಇಲ್ಲದ ಪದ ಬಂದರೆ ಪ್ರೋಗ್ರಾಂ ಬೀಳದಂತೆ ಗೆಟ್ ಬಳಸಿ, ಡೀಫಾಲ್ಟ್ 3 ಕೊಡಿ. ಅಂಥವು ಕೊನೆಗೆ ಹೋಗುತ್ತವೆ.

ಇನ್ನೊಂದು: ಪಟ್ಟಿಯ ಸಾರ್ಟ್ ಮೆಥಡ್ ಪಟ್ಟಿಯನ್ನೇ ಬದಲಿಸಿ ನನ್ (None, ಅಂದರೆ ಏನೂ ಇಲ್ಲ) ಹಿಂದಿರುಗಿಸುತ್ತದೆ. ಅದನ್ನು ವೇರಿಯಬಲ್‌ಗೆ ಹಾಕಿಕೊಂಡರೆ ಕೈಯಲ್ಲಿ ಏನೂ ಉಳಿಯದು. ಹೊಸ ಪಟ್ಟಿ ಬೇಕಿದ್ದರೆ ಸಾರ್ಟೆಡ್ ಬಳಸಿ.

ಉತ್ತರ 2

ಮೇಲಿನದು ಗುಂಪುಗಳನ್ನು ಸರಿಮಾಡುತ್ತದೆ, 2 ಮತ್ತು 10ರ ತೊಂದರೆ ಹಾಗೇ ಉಳಿಯುತ್ತದೆ. ಹೆಸರನ್ನು ರೆಜೆಕ್ಸ್ (ಪಠ್ಯದಲ್ಲಿ ಪ್ಯಾಟರ್ನ್ ಹುಡುಕುವ ಸಾಧನ) ಸ್ಪ್ಲಿಟ್‌ನಿಂದ ಅಂಕಿಗಳ ಹತ್ತಿರ ಒಡೆಯಿರಿ, ಅಂಕಿಗಳ ಪ್ಯಾಟರ್ನ್ ಆವರಣದೊಳಗಿರಲಿ. ಆವರಣ ಬಿಟ್ಟರೆ ಅಂಕಿಗಳೇ ಕಳೆದುಹೋಗುತ್ತವೆ. "ವರದಿ10" ಆಗ "ವರದಿ", "10", ಖಾಲಿ ಸ್ಟ್ರಿಂಗ್ ಎಂದು ಮೂರು ತುಂಡಾಗುತ್ತದೆ. ಪಟ್ಟಿಯ ಸ್ಥಾನಗಳನ್ನು 0ಯಿಂದ ಎಣಿಸಿದರೆ ಬೆಸ ಸ್ಥಾನದ ತುಂಡುಗಳನ್ನು ಮಾತ್ರ ಇಂಟ್ (ಪೂರ್ಣಾಂಕ) ಮಾಡಿ.

ಆ ಖಾಲಿ ಸ್ಟ್ರಿಂಗ್‌ಗಳನ್ನು ದಯವಿಟ್ಟು ತೆಗೆಯಬೇಡಿ. ಹೆಸರು ಅಂಕಿಯಿಂದಲೇ ಶುರುವಾದರೂ ಮೊದಲ ತುಂಡು ಖಾಲಿ ಸ್ಟ್ರಿಂಗ್ ಆಗಿರುತ್ತದೆ, ಹಾಗಾಗಿ ಪಠ್ಯದ ಎದುರು ಪಠ್ಯ, ಸಂಖ್ಯೆಯ ಎದುರು ಸಂಖ್ಯೆಯೇ ಬರುತ್ತದೆ. ತೆಗೆದರೆ "10ವರದಿ" ಮತ್ತು "ವರದಿ10" ಎದುರಾದಾಗ ಸಂಖ್ಯೆಯನ್ನು ಸ್ಟ್ರಿಂಗ್ ಜೊತೆ ಹೋಲಿಸಬೇಕಾಗಿ ಟೈಪ್‌ಎರರ್ ಬರುತ್ತದೆ. ಸಣ್ಣ ಪಟ್ಟಿಯಲ್ಲಿ ಇದು ಗೊತ್ತೇ ಆಗದೆ ಹೋಗಬಹುದು.

"ವರದಿ2" ಮತ್ತು "ವರದಿ02" ಎರಡಕ್ಕೂ ಒಂದೇ ಕೀ ಬರುತ್ತದೆ. ಪೈಥಾನ್ ಸಾರ್ಟ್ ಸ್ಟೇಬಲ್ ಆದ್ದರಿಂದ ಅವು ಮೊದಲಿದ್ದ ಕ್ರಮದಲ್ಲೇ ಇರುತ್ತವೆ. ಯಾವಾಗಲೂ ಒಂದೇ ಫಲಿತಾಂಶ ಬೇಕಿದ್ದರೆ ಟಪಲ್‌ನ ಕೊನೆಗೆ ಮೂಲ ಸ್ಟ್ರಿಂಗನ್ನೂ ಸೇರಿಸಿ.

ಉತ್ತರ 3

ಹೆಸರುಗಳು ಕನ್ನಡದಲ್ಲಿವೆ, ಆದ್ದರಿಂದ ಅಕಾರಾದಿಯೂ ತಾನಾಗಿ ಸರಿಬರುವುದಿಲ್ಲ. ಪೈಥಾನ್ ಹೋಲಿಸುವುದು ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆಗಳನ್ನು (ಕೋಡ್‌ಪಾಯಿಂಟ್‌ಗಳನ್ನು): ಲ 3250, ಳ 3251, ವ 3253, ಹ 3257. ಹಾಗಾಗಿ "ಅಳತೆ" "ಅವಧಿ"ಗಿಂತ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದಮೇಲೆ. ಕೀ ಒಳಗೆ ಮಾತ್ರ ಟ್ರಾನ್ಸ್‌ಲೇಟ್ ಬಳಸಿ 3251 ಅನ್ನು 3258 ಮಾಡಿ. ಆ ಜಾಗದಲ್ಲಿ ಯಾವ ಅಕ್ಷರವೂ ಇಲ್ಲ, ಹ ಆದ ತಕ್ಷಣದ ಸ್ಥಾನ ಅದು. ಮೂಲ ಸ್ಟ್ರಿಂಗನ್ನು ಮುಟ್ಟಬೇಡಿ.

ಅದಕ್ಕೂ ಮೊದಲು ಎನ್‌ಎಫ್‌ಸಿ ನಾರ್ಮಲೈಸ್ ಮಾಡಿ, ಅಂದರೆ ಒಂದೇ ಅಕ್ಷರದ ಬೇರೆ ಬೇರೆ ಕೋಡ್ ರೂಪಗಳನ್ನು ಒಂದೇ ರೂಪಕ್ಕೆ ತನ್ನಿ. "ಕೋ" ಕಣ್ಣಿಗೆ ಒಂದೇ, ಆದರೆ ಒಂದು ಕಡೆ 2 ಕೋಡ್‌ಪಾಯಿಂಟ್‌ಗಳಲ್ಲಿ, ಇನ್ನೊಂದು ಕಡೆ 4ರಲ್ಲಿ ಇರಬಹುದು. ಬೇರೆ ಬೇರೆ ಕಡೆಯಿಂದ ಬಂದ ಪಠ್ಯದಲ್ಲಿ ಈ ಹೆಜ್ಜೆ ಬಿಡಬಾರದು. ಹಲವು ಭಾಷೆಗಳು ಬೆರೆತಿದ್ದರೆ ಇದನ್ನೆಲ್ಲ ಕೈಯಾರೆ ಬರೆಯದೆ ಭಾಷೆಗೆ ತಕ್ಕ ಅಕಾರಾದಿ ಗೊತ್ತಿರುವ ಐಸಿಯು ಲೈಬ್ರರಿ ಬಳಸುವುದೇ ಸರಿ.

ಪ್ರಶ್ನೆ ಕೇಳಿದವರು

ಮೂರನ್ನೂ ಸೇರಿಸಿದೆ, ಸರಿಯಾಯಿತು. ಗುಂಪು ಇದೇ ಕ್ರಮದಲ್ಲಿದ್ದು ಹೆಸರು ಮಾತ್ರ ಇಳಿಕೆಯಲ್ಲಿ ಬೇಕಿದ್ದರೆ? ಕ್ರಮಸಂಖ್ಯೆಗೆ ಮೈನಸ್ ಹಾಕಬಹುದು, ಪಠ್ಯಕ್ಕೆ ಆಗುವುದಿಲ್ಲವಲ್ಲ.

ಉತ್ತರ 1

ಎರಡು ಸಲ ಸಾರ್ಟ್ ಮಾಡಿ: ಮೊದಲು ಹೆಸರಿನ ಕೀಯಿಂದ ರಿವರ್ಸ್ ಟ್ರೂ ಕೊಟ್ಟು, ಆಮೇಲೆ ಗುಂಪಿನ ಕೀಯಿಂದ ಮಾಮೂಲಿಯಾಗಿ. ಸ್ಟೇಬಲ್ ಆದ್ದರಿಂದ ಎರಡನೆಯ ಸಾರ್ಟ್ ಮೊದಲನೆಯದರ ಕ್ರಮವನ್ನು ಗುಂಪಿನೊಳಗೆ ಕೆಡಿಸುವುದಿಲ್ಲ. ಮುಖ್ಯವಾದ ಮಾನದಂಡ ಯಾವಾಗಲೂ ಕೊನೆಯ ಸಾರ್ಟ್‌ಗೆ ಇರಲಿ. ಸಿ++ನ ಮಾಮೂಲಿ ಸಾರ್ಟ್‌ನಲ್ಲಿ ಈ ಭರವಸೆ ಇಲ್ಲ, ಅಲ್ಲಿ ಸ್ಟೇಬಲ್ ಸಾರ್ಟ್ ಎಂದೇ ಬೇರೆ ಫಂಕ್ಷನ್ ಇದೆ.