ಪದಚರ್ಚೆ: ತಿರುಗುವ ಗಾಲಿಗೂ ‘ಗುಂಡಿ’ ಅನ್ನಬಹುದಾ?

ಧಾರವಾಡದಿಂದ ನಮಸ್ಕಾರ. ಮೌಸ್ ಕೈಕೊಟ್ಟರೆ ಏನೇನು ನೋಡಬೇಕು ಅಂತ ಲಿನಕ್ಸ್, ಫ್ರೀಬಿಎಸ್‌ಡಿ (ವಿಂಡೋಸ್ ಥರದ ಆಪರೇಟಿಂಗ್ ಸಿಸ್ಟಂಗಳು) ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ಒಂದೇ ಪದ ಕಾಡುತ್ತಿದೆ: ಬಟನ್.

ಗದಗಿನಲ್ಲಿರುವ ನಮ್ಮ ಅಕ್ಕನ ಮಗನ ಮೌಸಿನಲ್ಲಿ ಗಾಲಿ ಕೆಳಕ್ಕೆ ತಿರುಗಿಸಿದರೆ ಪುಟ ಒಮ್ಮೊಮ್ಮೆ ಮೇಲಕ್ಕೆ ಜಿಗಿಯುತ್ತಿತ್ತು. ‘ಎಕ್ಸ್‌ಇವಿ’ (xev, ಮೌಸ್, ಕೀಲಿಮಣೆಯಿಂದ ಏನೇನು ಬರುತ್ತದೆ ಅಂತ ತೋರಿಸುವ ಸಣ್ಣ ಪ್ರೋಗ್ರಾಂ) ಓಡಿಸು, ಅದು ತೆರೆಯುವ ಪುಟ್ಟ ಕಿಟಕಿಯೊಳಗೆ ಮೌಸ್ ತಂದು ಗುಂಡಿ 4, ಗುಂಡಿ 5 ಬರ್ತಾವಾ ನೋಡು ಅಂತ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ಮಾಮಾ, ಇದಕ್ಕ ಇರೋವ ಮೂರ ಗುಂಡಿ. ನಾಕನೇದು ಎಲ್ಲೈತಿ?” ಅಂದ.

ತಪ್ಪು ಅವನದಲ್ಲ. ಪರದೆ ಮೇಲೆ ಕಿಟಕಿಗಳನ್ನು ತೋರಿಸಿ, ಮೌಸಿನ ಸುದ್ದಿಯನ್ನು ಅವಕ್ಕೆ ಮುಟ್ಟಿಸುವ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಎಡ, ನಡು, ಬಲ ಅಂದರೆ 1, 2, 3. ಗಾಲಿಯನ್ನೇ ಒತ್ತಿದರೆ ಅದು 2. ಮೇಲಕ್ಕೆ ಒಂದು ಹಲ್ಲು ತಿರುಗಿಸಿದರೆ 4ನೇ ಬಟನ್ ಒತ್ತಿ ಬಿಟ್ಟ ಲೆಕ್ಕ, ಕೆಳಕ್ಕಾದರೆ 5. ಅಡ್ಡ ಸರಿಸಲು 6, 7. ಹೆಬ್ಬೆರಳಿನ ಪಕ್ಕ ಇರುವ ನಿಜವಾದ ಗುಂಡಿಗಳಿಗೆ ಸಾಮಾನ್ಯವಾಗಿ ಸಿಗುವುದು 8, 9! ಅಂದರೆ ಇಲ್ಲಿ ಬಟನ್ ಬೆರಳಿಗೆ ಸಿಗುವ ವಸ್ತುವಲ್ಲ, ಬರೀ ನಂಬರು. (ಅವನಿಗೆ 5, 5, 4, 5 ಅಂತ ಬರುತ್ತಿತ್ತು. ಸೆಟ್ಟಿಂಗ್ ಸರಿಯಾಗೇ ಇತ್ತು, ಗಾಲಿಯ ಒಳಗೆ ಧೂಳು. ಬಿಚ್ಚಿ ಒರೆಸಿದ ಮೇಲೆ ಸರಿಹೋಯಿತು.)

ಗಾಲಿ ಬಗ್ಗೆ ನನ್ನ ತಕರಾರಿಲ್ಲ. ಚಕ್ಕಡಿ ಗಾಲಿ ನೋಡಿ ಬೆಳೆದವರಿಗೆ ಚಕ್ರ ಅಂದರೆ ವಿಷ್ಣುವಿನ ಕೈಯಲ್ಲಿರುವುದು. ಗುಂಡಿಯೂ ನಮ್ಮ ಕಡೆ ಸಲೀಸು: ಅಂಗಿಯದು ಗುಂಡಿ, ರಸ್ತೆಯದು ತಗ್ಗು. ಬೆಂಗಳೂರಿನವರಿಗೆ ರಸ್ತೆಯದೂ ಗುಂಡಿಯೇ, ಅವರು ನಕ್ಕರೆ ನಗಲಿ. ಆದರೆ ‘ಗುಂಡಿ 4’ ಅಂದ ಕೂಡಲೇ ಓದುವವರ ಕಣ್ಣು ಮೌಸಿನ ಮೈಯೆಲ್ಲ ಹುಡುಕುತ್ತದೆ, ಅಲ್ವಾ?

‘ಒತ್ತು 4’ ಅಂತ ಬರೆದು ನೋಡಿದೆ. ಅದೇ ಪುಟದ ಕೊನೆಗೆ ಕನ್ನಡ ಟೈಪಿಂಗ್ ಬಗ್ಗೆ ನಾಲ್ಕು ಮಾತಿವೆ. ಅಲ್ಲಿ ಒತ್ತು ಅಂದರೆ ‘ಅಕ್ಕ’ದಲ್ಲಿ ಕೆಳಗೆ ಕೂರುವ ಒತ್ತಕ್ಷರ. ಎರಡೂ ಒಂದೇ ಕಡೆ ಬಂದರೆ ಗೋಜಲು. ಹುಬ್ಬಳ್ಳಿಯಲ್ಲಿ ಎಂಟರ್ ‘ಹೊಡಿ’ ಅಂತಾರಲ್ಲ, ಹಾಗೇ ‘ಹೊಡೆತ 4’ ಮಾಡಬಹುದು. ಓದಿದವರು ಬೆನ್ನು ಸವರಿಕೊಂಡಾರು. ‘ಸಂಜ್ಞೆ’ ಅರ್ಥಕ್ಕೆ ಹೊಂದುತ್ತದೆ, ಪಾಠಪುಸ್ತಕದ ವಾಸನೆ ಜಾಸ್ತಿ.

ಸದ್ಯ ಕೈಗೆ ಸಿಗುವುದನ್ನು ಗುಂಡಿ, ಪರದೆ ಮೇಲೆ ಕಾಣುವ ನಂಬರನ್ನು ಬಟನ್ ಅಂತ ಬರೆದಿದ್ದೇನೆ. ಈ ವ್ಯತ್ಯಾಸ ಓದುವವರಿಗೆ ಹೊಳೆಯುತ್ತದಾ? ಗಾಲಿ ಒಂದು ಹಲ್ಲು ತಿರುಗುವುದಕ್ಕೆ ಹಾವೇರಿ ಕಡೆಯವರ ಹತ್ತಿರ ಬೇರೆ ಮಾತೇನಾದರೂ ಇದ್ದರೆ ಅದನ್ನೂ ತಿಳಿಸಿ.