ಉಯ್ಘರ್ ಕೈದಿಗಳನ್ನು ಅಮೆರಿಕ ತನ್ನಲ್ಲೇ ಯಾಕೆ ಇಟ್ಟುಕೊಳ್ಳಲಿಲ್ಲ?

ಪ್ರಶ್ನೆ: ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಬಂದೀಖಾನೆ ಗ್ವಾಂಟನಾಮೊದಲ್ಲಿದ್ದ 22 ಉಯ್ಘರರ (ಚೀನಾದ ಮುಸ್ಲಿಂ ಅಲ್ಪಸಂಖ್ಯಾತರು) ಮೇಲೆ ಮೊಕದ್ದಮೆಯೇ ಇರಲಿಲ್ಲ. ಹಿಂಸೆಯ ಭಯವಿದ್ದುದರಿಂದ ಚೀನಾಕ್ಕೆ ಕಳಿಸಲಿಲ್ಲ, ಸರಿ. ಅಮೆರಿಕದಲ್ಲೇ ಬಿಡಬಹುದಿತ್ತಲ್ಲ? ಬೇರೆ ದೇಶಗಳಾದರೂ ಯಾಕೆ ಅಷ್ಟು ಹಿಂದೆಮುಂದೆ ನೋಡಿದವು?

ಉತ್ತರ 1: ಬಿಡಿ ಅಂತ ಕೋರ್ಟ್ ಹೇಳಿಯೂ ಆಗಿತ್ತು. 2008ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ರಿಕಾರ್ಡೊ ಉರ್ಬಿನಾ, ಆಗ ಉಳಿದಿದ್ದ 17 ಮಂದಿಯನ್ನು ಅಮೆರಿಕದೊಳಗೇ ಬಿಡುಗಡೆ ಮಾಡಲು ಆದೇಶಿಸಿದರು. ಸರ್ಕಾರ ಮೇಲ್ಮನವಿ ಹಾಕಿತು. 2009ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು: ವಿದೇಶಿಯರನ್ನು ದೇಶದೊಳಗೆ ಬಿಟ್ಟುಕೊಳ್ಳುವುದು ಸಂಸತ್ತು ಮತ್ತು ಅಧ್ಯಕ್ಷರಿಗೆ ಬಿಟ್ಟ ವಿಷಯ, ಕೋರ್ಟಿನದಲ್ಲ ಎಂದು. 2011ರಿಂದ ಇನ್ನೊಂದು ಬೀಗ ಬಿತ್ತು. ಸಂಸತ್ತು ಮಾಡಿದ ಕಾನೂನಿನಂತೆ, ಗ್ವಾಂಟನಾಮೊ ಕೈದಿಗಳನ್ನು ಅಮೆರಿಕಕ್ಕೆ ತರಲು ರಕ್ಷಣಾ ಇಲಾಖೆಯ ಹಣ ಬಳಸುವಂತಿಲ್ಲ, ವಿಚಾರಣೆಗೂ ಇಲ್ಲ. ವರ್ಷವರ್ಷವೂ ಅದೇ ಷರತ್ತು ಮುಂದುವರಿದಿದೆ.

ಬೇರೆ ದೇಶಗಳ ಜೊತೆಗಿನ ಮಾತುಕತೆ ಕೆಟ್ಟಿದ್ದು ಇಲ್ಲೇ ಅನ್ನುವುದು ನನ್ನ ಅಭಿಪ್ರಾಯ. ತಾನು ಒಬ್ಬರನ್ನೂ ತೆಗೆದುಕೊಳ್ಳದವರು ನೀವು ತೆಗೆದುಕೊಳ್ಳಿ ಅಂದರೆ ಯಾರು ಕೇಳುತ್ತಾರೆ? 2009ರ ಜನವರಿಯಲ್ಲಿ ಆಸ್ಟ್ರೇಲಿಯಾ ಕೈದಿಗಳನ್ನು ತೆಗೆದುಕೊಳ್ಳುವುದಿಲ್ಲ ಅಂದುಬಿಟ್ಟಿತು. ಅದೇ ಜೂನ್‌ನಲ್ಲಿ ಐರೋಪ್ಯ ಒಕ್ಕೂಟ ಅಮೆರಿಕದ ಜೊತೆ ಹೊರಡಿಸಿದ ಹೇಳಿಕೆಯಲ್ಲೂ, ಕೈದಿಗಳಿಗೆ ನೆಲೆ ಹುಡುಕುವ ಮೊದಲ ಹೊಣೆ ಅಮೆರಿಕದ್ದೇ ಎಂದು ಬರೆಸಿಕೊಂಡಿತು.

ಉತ್ತರ 2: ಚೀನಾದ ಒತ್ತಡ ಮರೆಯಬೇಡಿ. ಇವರನ್ನು ತನಗೇ ಒಪ್ಪಿಸಬೇಕು ಎಂಬುದು ಅದರ ಪಟ್ಟು. ಕೊನೆಗೆ ಯಾರು ಒಪ್ಪಿದರು ನೋಡಿ: 2006ರಲ್ಲಿ ಅಲ್ಬೇನಿಯಾ 5, 2009ರಲ್ಲಿ ಬರ್ಮುಡಾ 4 ಮತ್ತು ಪೆಸಿಫಿಕ್‌ನ ಪುಟ್ಟ ದ್ವೀಪದೇಶ ಪಲಾವ್ 6, 2010ರಲ್ಲಿ ಸ್ವಿಟ್ಜರ್‌ಲೆಂಡ್ 2, 2012ರಲ್ಲಿ ಎಲ್ ಸಾಲ್ವಡಾರ್ 2, 2013ರ ಕೊನೆಗೆ ಸ್ಲೊವಾಕಿಯಾ 3. ಪಲಾವ್‌ಗೆ ರಾಜತಾಂತ್ರಿಕ ಸಂಬಂಧ ಇದ್ದುದು ತೈವಾನ್ ಜೊತೆ, ಹಾಗಾಗಿ ಕಳೆದುಕೊಳ್ಳಲು ಹೆಚ್ಚೇನಿರಲಿಲ್ಲ. ಬರ್ಮುಡಾ ಮಾತ್ರ ಬ್ರಿಟನ್ನನ್ನು ಕೇಳದೇ ಒಪ್ಪಿ ಬೈಸಿಕೊಂಡಿತು; ವಿದೇಶಾಂಗ ವ್ಯವಹಾರ ಲಂಡನ್ ಕೈಲಿರುವ ಪ್ರದೇಶ ಅದು.

ಉತ್ತರ 3: ವಿಮಾನ ಇಳಿದ ಮೇಲಿನ ಕಥೆಯೇ ಹೆಚ್ಚು ತೊಡಕಿನದು. ಕೈದಿಗಳನ್ನು ತೆಗೆದುಕೊಳ್ಳುವ ಒಪ್ಪಂದ ಓದುವವರು ಮೂರು ಸಂಗತಿ ನೋಡಬೇಕು: ವಾಸದ ಪರವಾನಗಿ ಎಷ್ಟು ವರ್ಷಕ್ಕೆ, ಪ್ರಯಾಣದ ದಾಖಲೆ ಕೊಡುತ್ತಾರೋ ಇಲ್ಲವೋ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೋ. ಪಲಾವ್ ಮೊದಲೇ ಇದು ತಾತ್ಕಾಲಿಕ ಅಂದಿತ್ತು. ಗ್ವಾಂಟನಾಮೊದಲ್ಲಿದ್ದ ಬೇರೆ ದೇಶದ ಕೈದಿಗಳ ವಿಷಯದಲ್ಲೂ ಇದೇ ಪಾಡು. ಸೆನೆಗಲ್ 2016ರಲ್ಲಿ ಇಬ್ಬರು ಲಿಬಿಯನ್ನರನ್ನು ಕರೆದುಕೊಂಡು, 2018ರಲ್ಲಿ ಲಿಬಿಯಾಕ್ಕೇ ಕಳಿಸಿಬಿಟ್ಟಿತು. ಘಾನಾದ್ದು ಇನ್ನೊಂದು ಬಗೆ. 2016ರಲ್ಲಿ ಇಬ್ಬರು ಕೈದಿಗಳನ್ನು ಒಳಗೆ ಬಿಟ್ಟುಕೊಂಡಿದ್ದು ಸಂಸತ್ತಿನ ಒಪ್ಪಿಗೆ ಇಲ್ಲದೆ, ಸಂವಿಧಾನಬಾಹಿರವಾಗಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು. ಸಹಿ ಹಾಕುವ ಸರ್ಕಾರಕ್ಕೆ ಆ ಅಧಿಕಾರ ಇದೆಯೇ ಅಂತ ಮೊದಲೇ ನೋಡದಿದ್ದರೆ ಹೀಗಾಗುತ್ತದೆ.