ದತ್ತು ತಗೊಳ್ತೀವಿ ಅಂದ್ರೆ "ಯಾರ ರಕ್ತವೋ" ಅಂತಾರೆ, ಸ್ವಭಾವ ನಿಜಕ್ಕೂ ರಕ್ತದಲ್ಲೇ ಬರುತ್ತಾ?

ಸಾಗರ_ಸೀಮೆ:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ. ನಾವಿರೋದು ಸಾಗರದ ಹತ್ರ ಹಳ್ಳೀಲಿ, ತೋಟದ ಮನೆ. ಮಕ್ಕಳಾಗ್ಲಿಲ್ಲ, ಡಾಕ್ಟ್ರು ಟ್ರೀಟ್ಮೆಂಟು ಎಲ್ಲಾ ಸಾಕಾಯ್ತು, ಈಗ ನಾನು ಯಜಮಾನ್ರು ಇಬ್ರೂ ದತ್ತು ತಗೊಳ್ಳೋದು ಅಂತ ಗಟ್ಟಿ ಮಾಡ್ಕೊಂಡಿದೀವಿ. ಅತ್ತೆ ಮಾವ ಬೇಡ ಅಂತ ಬಾಯ್ಬಿಟ್ಟು ಹೇಳಲ್ಲ, ಆದ್ರೆ ಊಟಕ್ಕೆ ಕೂತಾಗೆಲ್ಲ ಅದೇ ಮಾತು, "ಯಾರ ರಕ್ತವೋ ಏನೋ, ನಾಳೆ ಎಂಥ ಗುಣ ಹೊರಗೆ ಬರ್ತದೋ".

ಅವರ ಹತ್ರ ಒಂದು ಸಾಕ್ಷಿನೂ ಇದೆ. ಮಾವನ ತಮ್ಮ, ಅಂದ್ರೆ ನಮ್ಮ ಚಿಕ್ಕಪ್ಪನ್ನ ಕೂಸಿದ್ದಾಗ್ಲೇ ಹೊಸನಗರ ಕಡೆ ಮಕ್ಕಳಿಲ್ಲದ ನೆಂಟರ ಮನೆಗೆ ದತ್ತು ಕೊಟ್ಟಿದ್ರು, ಆ ಕಾಲದಲ್ಲಿ ತೋಟ ಇದ್ದು ಮಕ್ಕಳಿಲ್ಲದ ಮನೆಗೆ ಹಂಗೆ ಕೊಡೋದು ಮಾಮೂಲು. ಅವರು ಬೆಳೆದಿದ್ದೆಲ್ಲಾ ಅಲ್ಲೇ. ಆದ್ರೂ ಥೇಟ್ ನಮ್ಮ ಅಜ್ಜನ ಥರಾನೇ ಅಂತೆ, ಕೈ ಹಿಂದೆ ಕಟ್ಕೊಂಡು ನಡೆಯೋದು, ಆಳುಗಳಿಗೆ ಹಿಗ್ಗಾಮುಗ್ಗಾ ಬೈದು ಆಮೇಲೆ ತಾವೇ ಕಾಫಿ ಕೊಡೋದು, ದುಡ್ಡು ಎರಡೆರಡು ಸಲ ಎಣಿಸೋದು. "ನೋಡು, ಅಪ್ಪನ ಜೊತೆ ಒಂದಿನ ಬಾಳ್ವೆ ಮಾಡ್ಲಿಲ್ಲ, ಆದ್ರೂ ಬಂತು" ಅಂತಾರೆ ಮಾವ. ನಂಗೆ ಉತ್ತರ ಗೊತ್ತಾಗಲ್ಲ.

ಜೀನ್ಸ್ ಎಷ್ಟು, ಬೆಳೆಸೋದು ಎಷ್ಟು, ತಿಳಿದೋರು ಹೇಳಿ. ಸಮಾಧಾನದ ಮಾತು ಬೇಡ, ನಿಜ ಏನಿದೆ ಅದು ಬೇಕು.

ಆರಿದ್ರೆ_ಮಳೆ:

ನಾನು ತೀರ್ಥಹಳ್ಳಿ ಕಡೆಯವ, ವಯಸ್ಸಾಗಿದೆ, ಟೈಪು ನಿಧಾನ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ಹೇಳಿದ ಹಿರಿಯರೇ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾನೂ ಹೇಳಿ ಹೋಗಿದಾರೆ ಮಾರಾಯ್ರೆ, ಯಾವ ಗಾದೆ ಬೇಕೋ ಅದು ಸಿಗ್ತದೆ. ನಂಗೆ ಇಬ್ರು ಗಂಡು ಮಕ್ಕಳು. ದೊಡ್ಡವ ನಾಲ್ಕು ಮಾತು ಕೇಳಿದ್ರೆ ಅರ್ಧ ಮಾತು ಆಡ್ತಾನೆ, ಚಿಕ್ಕವ ಬಸ್ಸಲ್ಲಿ ಪಕ್ಕ ಕೂತವರ ಜಾತಕ ತಗೊಂಡೇ ಇಳಿಯೋದು. ಒಂದೇ ಅಪ್ಪ ಅಮ್ಮ, ಒಂದೇ ಒಲೆ. ರಕ್ತ ಅನ್ನೋದಾದ್ರೆ ರಕ್ತನೂ ಒಂದೇ, ಬೆಳೆಸಿದ್ದು ಅನ್ನೋದಾದ್ರೆ ಬೆಳೆಸಿದ್ದೂ ಒಂದೇ. ಇದಕ್ಕೆ ನಿಮ್ಮ ಮಾವ ಎಂತ ಹೇಳ್ತಾರೆ ಕೇಳಿ ಸ್ವಲ್ಪ.

ಕೊಪ್ಪ_ಕಾಫಿ:

ಮೇಡಂ ನಿಮ್ಮ ಮಾವ ಹೇಳೋದ್ರಲ್ಲಿ ಪಾಯಿಂಟ್ ಇದೆ, ಬೇಜಾರಾದ್ರೆ ಕ್ಷಮಿಸಿ. ಅಮೆರಿಕಾದ ಜಿಮ್ ಅವಳಿಗಳ ವಿಷಯ ಗೊತ್ತಲ್ವಾ, ನಾಲ್ಕು ವಾರದ ಕೂಸಿದ್ದಾಗ ಬೇರೆ ಆಗಿ ಬೇರೆ ಬೇರೆ ಮನೇಲಿ ದತ್ತು ಬೆಳೆದ್ರು, 1979ರಲ್ಲಿ 39ನೇ ವಯಸ್ಸಿಗೆ ಮತ್ತೆ ಸಿಕ್ಕಿದ್ರು. ಇಬ್ಬರ ಹೆಸರೂ ಜಿಮ್, ಇಬ್ಬರ ಮೊದಲನೇ ಹೆಂಡತಿ ಲಿಂಡಾ, ಎರಡನೇ ಹೆಂಡತಿ ಬೆಟ್ಟಿ, ನಾಯಿ ಹೆಸರೂ ಒಂದೇ, ಸೇದೋ ಸಿಗರೇಟ್ ಬ್ರ್ಯಾಂಡೂ ಒಂದೇ. ಇದೆಲ್ಲಾ ಸುಮ್ನೆ ಆಗುತ್ತಾ?

ತುಂಗಾತೀರದ_ಮೇಷ್ಟ್ರು:

ಶಿವಮೊಗ್ಗದಲ್ಲಿ ಪಿಯುಸಿ ಹುಡುಗರಿಗೆ ಜೀವಶಾಸ್ತ್ರ ಹೇಳ್ಕೊಡ್ತೀನಿ, ಅದಕ್ಕೇ ಕೊರೀತೀನಿ, ಸಹಿಸ್ಕೊಳ್ಳಿ.

ಮೊದಲು ನಿಮ್ಮ ಮಾವನಿಗೆ ಅನುಕೂಲ ಆಗೋ ವಿಷಯ. ಜೀನ್ಸ್ ಪಾತ್ರ ಖಂಡಿತ ಇದೆ, ಇಲ್ಲ ಅನ್ನೋರು ಸುಳ್ಳು ಹೇಳ್ತಿದಾರೆ. ಇದನ್ನ ನೋಡೋ ದಾರಿ ಏನಂದ್ರೆ ತದ್ರೂಪಿ ಅವಳಿಗಳಲ್ಲಿ ಡಿಎನ್ಎ ಪೂರ್ತಿ ಒಂದೇ, ಮಾಮೂಲಿ ಅವಳಿಗಳಲ್ಲಿ ವ್ಯತ್ಯಾಸ ಇರೋ ಭಾಗದಲ್ಲಿ ಸರಾಸರಿ ಅರ್ಧ ಮಾತ್ರ ಒಂದೇ, ಎರಡೂ ಜೋಡಿ ಅವರವರ ಒಂದೇ ಮನೇಲಿ ಬೆಳೀತವೆ, ಹಂಗಿದ್ದೂ ತದ್ರೂಪಿಗಳು ಸ್ವಭಾವದಲ್ಲಿ ಜಾಸ್ತಿ ಹತ್ರ ಇದ್ರೆ ಆ ಜಾಸ್ತಿ ಎಲ್ಲಿಂದ ಬಂತು ಅನ್ನೋ ಲೆಕ್ಕ. 2015ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೇಲಿ ಐವತ್ತು ವರ್ಷದ ಅವಳಿ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ್ರು, 2,748 ಪ್ರಬಂಧ, ಸುಮಾರು 1.45 ಕೋಟಿ ಅವಳಿ ಜೋಡಿಗಳ ಮಾಹಿತಿ. ಎಲ್ಲಾ ಲಕ್ಷಣ ಸೇರಿಸಿ ಸರಾಸರಿ ಅನುವಂಶೀಯತೆ, ಅಂದ್ರೆ ಜನರ ನಡುವಿನ ವ್ಯತ್ಯಾಸದಲ್ಲಿ ಜೀನ್ಸ್ ಪಾಲು, 49% ಬಂತು. ಸಂಕೋಚ, ಸಿಡುಕು, ಶಿಸ್ತು ಇಂಥ ಸ್ವಭಾವದ ವಿಷಯಕ್ಕೂ ಸಾಮಾನ್ಯವಾಗಿ 40ರಿಂದ 50% ಆಸುಪಾಸು.

ಈಗ ಆ 50% ಅಂದ್ರೆ ಏನು ಅನ್ನೋದು, ಇಲ್ಲೇ ಎಲ್ಲಾ ಜಾರೋದು. ನಿಮ್ಮಲ್ಲಿ ಅರ್ಧ ಜೀನ್ಸು ಅರ್ಧ ಅಮ್ಮ ಹೇಳ್ಕೊಟ್ಟಿದ್ದು ಅಂತ ಅಲ್ವೇ ಅಲ್ಲ. ನಮ್ಮ ಅಪ್ಪೆಮಿಡಿನೇ ತಗೊಳ್ಳಿ. ಒಂದೇ ತಾಯಿಮರದ ಕಡ್ಡಿ ಕಸಿ ಕಟ್ಟಿ ಒಂದು ಗಿಡ ಹೊಳೆ ದಂಡೇಲಿ, ಒಂದು ಗಿಡ ಗುಡ್ಡದ ಜಂಬಿಟ್ಟಿಗೆ ನೆಡಿ. ಕಡ್ಡಿ ಒಂದೇ ಆದ್ದರಿಂದ ಎರಡರ ಮಧ್ಯೆ ಏನು ವ್ಯತ್ಯಾಸ ಬಂದ್ರೂ ಅದು ನೆಲ ನೀರಿಂದು, ಲೆಕ್ಕದಲ್ಲಿ ಅನುವಂಶೀಯತೆ ಸೊನ್ನೆ, ಹಂಗಂತ ಆ ಸೊನೆ ಪರಿಮಳಕ್ಕೂ ಜೀನಿಗೂ ಸಂಬಂಧ ಇಲ್ಲ ಅಂತೀವಾ? ಅದೇ ಮರದ ಗೊರಟು ಹಾಕಿ ಹತ್ತು ಸಸಿ ಒಂದೇ ಪಾತೀಲಿ ಬೆಳೆಸಿ, ಒಂದೂ ತಾಯಿಮರದ ಥರ ಬರಲ್ಲ, ಈಗ ವ್ಯತ್ಯಾಸ ಹೆಚ್ಚುಕಮ್ಮಿ ಪೂರ್ತಿ ಜೀನಿಂದು. ಅಂದ್ರೆ ಆ ಪರ್ಸೆಂಟು ಒಂದು ಗುಂಪಿನೊಳಗಿನ ವ್ಯತ್ಯಾಸದ ಲೆಕ್ಕ, ಗುಂಪು ಬದಲಾದ್ರೆ ಅದೂ ಬದಲಾಗುತ್ತೆ, ಒಂದು ಮಗೂನ ಎತ್ಕೊಂಡು ಇದು ಹಿಂಗೇ ಆಗುತ್ತೆ ಅಂತ ಹೇಳೋಕೆ ಅದರಿಂದ ಆಗಲ್ಲ. ಆರಿದ್ರೆಮಳೆಯವರ ಮಕ್ಕಳೂ ಗೊರಟಿನ ಸಸಿಗಳೇ. ಪ್ರತಿ ಸಲಾನೂ ಇಸ್ಪೀಟು ಕಲಸಿ ಹಂಚಿದ ಹಂಗೆ ಅಪ್ಪಂದು ಅರ್ಧ ಅಮ್ಮಂದು ಅರ್ಧ ಬರೋದು, ಅಣ್ಣನಿಗೆ ಬಂದ ಕೈ ತಮ್ಮನಿಗೆ ಬರಲ್ಲ. ಹೊಟ್ಟೇಲಿ ಹುಟ್ಟಿದ ಮಗು ಅಂದ ಮಾತ್ರಕ್ಕೆ ಎಂಥ ಗುಣ ಬರುತ್ತೆ ಅಂತ ನಿಮ್ಮ ಅತ್ತೆಗೆ ಮೊದಲೇ ಗೊತ್ತಿರುತ್ತಾ?

ಇನ್ನು ಒಂದೊಂದು ಗುಣಕ್ಕೆ ಒಂದೊಂದು ಜೀನು ಅನ್ನೋ ನಂಬಿಕೆ. 2003ರ ಸುಮಾರಿಗೆ ಸೆರೊಟೋನಿನ್ ಅನ್ನೋ ಮೆದುಳಿನ ರಾಸಾಯನಿಕ ಸಾಗಿಸೋ ಒಂದು ಜೀನಿನ ಬಗ್ಗೆ ಭಾರೀ ಗದ್ದಲ ಆಗಿತ್ತು, ಅದರ ಗಿಡ್ಡ ರೂಪ ಇದ್ದೋರಿಗೆ ಕಷ್ಟ ಬಂದಾಗ ಖಿನ್ನತೆ ಜಾಸ್ತಿ ಅಂತ. 2019ರಲ್ಲಿ ಲಕ್ಷಾಂತರ ಜನರ ಡೇಟಾ ಇಟ್ಕೊಂಡು ಅಂಥ 18 ಹೆಸರುವಾಸಿ ಜೀನುಗಳನ್ನ ಪರೀಕ್ಷೆ ಮಾಡಿದ್ರು, ಖಿನ್ನತೆಗೆ ಸಂಬಂಧ ಅಂತ ಒಂದಕ್ಕೂ ಗಟ್ಟಿ ಆಧಾರ ಸಿಗ್ಲಿಲ್ಲ. ಸ್ವಭಾವ ಅನ್ನೋದು ಸಾವಿರಾರು ಜೀನ್ ವ್ಯತ್ಯಾಸಗಳು ಒಂದೊಂದು ಚೂರು ತಳ್ಳಿ ಆಗೋದು. ಕಳ್ಳತನದ ಜೀನು, ಸೋಮಾರಿತನದ ಜೀನು ಅಂತ ಯಾವ್ದೂ ಇಲ್ಲ.

ಕೊಪ್ಪದವರ ಜಿಮ್ ಅವಳಿಗಳು. ಕಥೆ ನಿಜ, ಮಿನ್ನೆಸೋಟಾದ ಬುಶಾರ್ಡ್ ಅನ್ನೋ ಮನಶ್ಶಾಸ್ತ್ರಜ್ಞರ ಅಧ್ಯಯನ ಶುರುವಾಗಿದ್ದೇ ಅದರಿಂದ, ಆಮೇಲೆ ಬೇರೆ ಬೇರೆ ಬೆಳೆದ ನೂರಕ್ಕೂ ಹೆಚ್ಚು ಜೋಡಿ ಸೇರಿಸಿದ್ರು. ಆದ್ರೆ ಹೆಂಡತಿ ಹೆಸರು ಲಿಂಡಾ ಅಂತ ಬರೋ ಜೀನು ಎಲ್ಲಿದೆ ಸ್ವಾಮಿ, ಆ ತಲೆಮಾರಿನ ಅಮೆರಿಕಾದಲ್ಲಿ ಬೀದಿಗೊಬ್ಬ ಲಿಂಡಾ. ಇಬ್ಬರು ಒಂದೇ ವಯಸ್ಸಿನವರನ್ನ ಕೂರಿಸಿ ಸಾವಿರ ಪ್ರಶ್ನೆ ಕೇಳಿದ್ರೆ ಇಪ್ಪತ್ತು ಹೊಂದುತ್ತೆ, ಪೇಪರ್ನೋರು ಇಪ್ಪತ್ತನ್ನ ಬರೀತಾರೆ, ಹೊಂದದೇ ಇದ್ದ ಒಂಬೈನೂರ ಎಂಬತ್ತು ಯಾರಿಗೂ ಬೇಡ. ಆ ಅಧ್ಯಯನದ ತೂಕ ಇರೋದು ಎಲ್ಲಾ ಜೋಡಿಗಳ ಪರೀಕ್ಷೆ ಅಂಕಿಗಳಲ್ಲಿ.

ನಿಮ್ಮ ಚಿಕ್ಕಪ್ಪಂದೂ ಇದೇ ಕೇಸು ಅನ್ಸುತ್ತೆ ನಂಗೆ. ಅವರು ಹೋಗಿದ್ದು ನೆಂಟರ ಮನೆಗೆ, ಅಲ್ಲೂ ತೋಟ, ಅಲ್ಲೂ ಅದೇ ಮಳೆ ಅದೇ ಆಳುಗಳ ಗೋಳು ಅದೇ ಊಟ. ಅದನ್ನ ಬೇರೆ ಪರಿಸರ ಅಂತ ಹೆಂಗೆ ಕರೆಯೋದು? ಮಲೆನಾಡಲ್ಲಿ ಕೈ ಹಿಂದೆ ಕಟ್ಕೊಂಡು ತೋಟ ಸುತ್ತದೇ ಇರೋ ಯಜಮಾನ್ರನ್ನ ಒಬ್ಬರನ್ನ ತೋರಿಸಿ ನೋಡೋಣ.

ಕೊಪ್ಪ_ಕಾಫಿ:

ಸಾರ್ ಒಪ್ಪಿದೆ. ಆದ್ರೆ ಜೀನ್ 50 ಅಂದ್ರೆ ಉಳಿದ 50 ಅಪ್ಪ ಅಮ್ಮ ಬೆಳೆಸಿದ್ದು ಅಂತ ಆಯ್ತಲ್ಲ? ಹಂಗಾದ್ರೆ ಮಗನ್ನ ಅಬಾಕಸ್ಸು ಕರಾಟೆ ಅಂತ ಸುತ್ತಿಸ್ತಿರೋ ಪೆಟ್ರೋಲ್ ದುಡ್ಡಿಗೆ ಮೋಸ ಇಲ್ಲ.

ತುಂಗಾತೀರದ_ಮೇಷ್ಟ್ರು:

ಮೋಸ ಇದೆ! ಉಳಿದ ಅರ್ಧದಲ್ಲಿ ಒಂದೇ ಮನೇಲಿ ಬೆಳೆದಿದ್ದರಿಂದ ಮಕ್ಕಳು ಒಬ್ಬರಿಗೊಬ್ಬರು ಹೋಲೋದು ತುಂಬಾ ಕಮ್ಮಿ. ರಕ್ತಸಂಬಂಧ ಇಲ್ಲದ ಇಬ್ಬರು ದತ್ತು ಮಕ್ಕಳು ಒಂದೇ ಮನೇಲಿ ಬೆಳೆದು ದೊಡ್ಡವರಾದ್ಮೇಲೆ ಸ್ವಭಾವದಲ್ಲಿ ದಾರಿಹೋಕರಷ್ಟೇ ಬೇರೆ ಇರ್ತಾರೆ. ರಾಬರ್ಟ್ ಪ್ಲೋಮಿನ್ ಮತ್ತೆ ಡೆನಿಸ್ ಡೇನಿಯಲ್ಸ್ ಅನ್ನೋ ಮನಶ್ಶಾಸ್ತ್ರಜ್ಞರು 1987ರಲ್ಲಿ ಇದೇ ಪ್ರಶ್ನೆ ಎತ್ತಿದ್ರು, ಒಂದೇ ಮನೆ ಮಕ್ಕಳು ಇಷ್ಟು ಬೇರೆ ಯಾಕೆ ಅಂತ. ಉಳಿದಿದ್ದು ಒಬ್ಬೊಬ್ಬರಿಗೆ ಬೇರೆ ಬೇರೆ ಸಿಗೋದು, ಗೆಳೆಯರು, ಒಂದು ಜ್ವರ, ಒಬ್ಬ ಮೇಷ್ಟ್ರು, ಸುಮ್ನೆ ಅದೃಷ್ಟ, ಜೊತೆಗೆ ಅಳತೆಯ ತಪ್ಪೂ ಅದರಲ್ಲೇ ಸೇರಿರುತ್ತೆ. ಮಗು ತಾನೇ ತನ್ನ ಪರಿಸರ ಎಳ್ಕೊಳ್ಳೋದೂ ಇದೆ, ನಗೋ ಕೂಸನ್ನ ಎಲ್ಲಾ ಎತ್ಕೊಳ್ತಾರೆ, ಅಳೋ ಕೂಸನ್ನ ಅಮ್ಮಂಗೆ ವಾಪಸ್ ಕೊಡ್ತಾರೆ.

ಆದ್ರೆ ಒಂದು ಎಚ್ಚರ, ಇದು ಹೊಟ್ಟೆಗೆ ಬಟ್ಟೆಗೆ ಪ್ರೀತಿಗೆ ತೊಂದರೆ ಇಲ್ಲದ ಮಾಮೂಲಿ ಮನೆಗಳೊಳಗಿನ ಲೆಕ್ಕ. ಅದಕ್ಕಿಂತ ಕೆಳಗೆ ಹೋದ್ರೆ ಮನೆನೇ ಎಲ್ಲಾ. ರೊಮೇನಿಯಾದಲ್ಲಿ 1989ರಲ್ಲಿ ಸರ್ಕಾರ ಬಿದ್ದಾಗ ಅನಾಥಾಲಯಗಳಲ್ಲಿ ಮುಟ್ಟೋರಿಲ್ಲದೆ ಮಲಗಿಸಿಟ್ಟ ಮಕ್ಕಳು ಸಿಕ್ಕಿದ್ರು, ಇಂಗ್ಲೆಂಡಿಗೆ ದತ್ತು ಹೋದವರನ್ನ ಮೈಕಲ್ ರಟರ್ ಅನ್ನೋ ಮನೋವೈದ್ಯರ ತಂಡ ದೊಡ್ಡವರಾಗೋವರೆಗೂ ಗಮನಿಸ್ತು. ಆರು ತಿಂಗಳೊಳಗೆ ಮನೆ ಸಿಕ್ಕ ಮಕ್ಕಳು ಹೆಚ್ಚುಕಮ್ಮಿ ಬೇರೆ ದತ್ತು ಮಕ್ಕಳ ಹಂಗೇ ಬೆಳೆದ್ರು, ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಸುಮಾರು ಜನಕ್ಕೆ ತೊಂದರೆ ಉಳೀತು, ಎಲ್ಲರಿಗೂ ಅಲ್ಲ. ಫ್ರಾನ್ಸಲ್ಲಿ 1999ರ ಒಂದು ಅಧ್ಯಯನ, ಕಷ್ಟದ ಮನೆಗಳಿಂದ ಬಂದು ನಾಲ್ಕರಿಂದ ಆರು ವರ್ಷದಲ್ಲಿ ದತ್ತು ಹೋದ ಮಕ್ಕಳ ಐಕ್ಯೂ ಮೊದಲು 86ಕ್ಕಿಂತ ಕಮ್ಮಿ ಇತ್ತು, ಹದಿಹರೆಯಕ್ಕೆ ಬರೋಷ್ಟರಲ್ಲಿ ದತ್ತು ಮನೆಯ ಅನುಕೂಲ ನೋಡ್ಕೊಂಡು ಸರಾಸರಿ ಸುಮಾರು 8ರಿಂದ 19 ಪಾಯಿಂಟ್ ಏರ್ತು. ಮಾತುಗಾರ ಆಗ್ತಾನೋ ಮೌನಿ ಆಗ್ತಾನೋ ಅದು ನಿಮ್ಮ ಕೈಲಿ ಕಮ್ಮಿ, ಓದು, ಭಾಷೆ, ಧೈರ್ಯ, ಮನೆಗೆ ಬಂದ್ರೆ ಯಾರೋ ಕಾಯ್ತಿದಾರೆ ಅನ್ನೋದು ಇವೆಲ್ಲ ನಿಮ್ಮ ಕೈಲೇ ಇರೋದು.

ಮೇಡಂ, ಚಿಕ್ಕಪ್ಪನ್ನೇ ಒಂದ್ಸಲ ಕೇಳಿ ನೋಡಿದೀರಾ?

ಸಾಗರ_ಸೀಮೆ:

ಕೇಳಿದೆ ಸಾರ್, ಫೋನ್ ಮಾಡಿ. ಜೋರಾಗಿ ನಕ್ಕುಬಿಟ್ರು. ದುಡ್ಡು ಎರಡು ಸಲ ಎಣಿಸೋದು ಸಾಕಿದ ಅಮ್ಮ ಕಲಿಸಿದ್ದಂತೆ, ಮಂಡಿಯಿಂದ ಬಂದ ದುಡ್ಡನ್ನ ಆಕೆ ಎದುರು ಎಣಿಸಿ ತೋರಿಸ್ಬೇಕಿತ್ತಂತೆ. ಸಿಟ್ಟು ಮಾತ್ರ ಎಲ್ಲಿಂದ ಬಂತೋ ಗೊತ್ತಿಲ್ಲ, ಆ ಮನೇಲಿ ಯಾರೂ ದನಿ ಏರಿಸಿದ್ದೇ ಇಲ್ಲ ಅಂದ್ರು. ಮಾವನಿಗೆ ಹೇಳಿದ್ರೆ ಸಿಟ್ಟಿನ ಭಾಗ ಮಾತ್ರ ಕೇಳಿಸ್ಕೊಂಡು "ನಾ ಹೇಳ್ಲಿಲ್ವಾ" ಅಂತ ಎಲೆಅಡಿಕೆ ತಟ್ಟೆ ಎಳ್ಕೊಂಡ್ರು. ನಂಗಂತೂ ಅಷ್ಟು ಸಾಕು, ರಿಜಿಸ್ಟರ್ ಮಾಡಿಸ್ತಿದೀವಿ. ದತ್ತು ತಗೊಂಡವರು ಯಾರಾದ್ರೂ ಇದ್ರೆ ಮುಂದಿಂದು ಹೇಳಿ.

ಗಾಜನೂರು_ಗಾಳಿ:

ನಾವು ತಗೊಂಡಿದೀವಿ, ಮಗಳು ಈಗ ಸ್ಕೂಲಿಗೆ ಹೋಗ್ತಾಳೆ. ಕಾರಾ, ಅಂದ್ರೆ ಕೇಂದ್ರ ಸರ್ಕಾರದ ದತ್ತು ಸಂಸ್ಥೆ, ಅದರ ಪೋರ್ಟಲ್ಲಲ್ಲಿ ರಿಜಿಸ್ಟರ್ ಆದ್ಮೇಲೆ ಸೋಶಿಯಲ್ ವರ್ಕರ್ ಮನೆಗೆ ಬಂದು ಹೋಮ್ ಸ್ಟಡಿ ಮಾಡ್ತಾರೆ, ಮನೇಲಿರೋ ಹಿರಿಯರನ್ನೂ ಮಾತಾಡಿಸ್ತಾರೆ, ಆವಾಗ ನಿಮ್ಮ ಮಾವ ಈ ರಕ್ತದ ಭಾಷಣ ಶುರು ಮಾಡಿದ್ರೆ ಕಷ್ಟ, ಮೊದಲೇ ಕೂತು ಮಾತಾಡ್ಕೊಳ್ಳಿ. ಕಾಯೋದು ವರ್ಷಗಟ್ಟಲೆ ಆಗ್ಬಹುದು. ಕೊನೇ ಆದೇಶ ಈಗ ಕೋರ್ಟಿಂದಲ್ಲ, ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ ಜಾರಿಗೆ ಬಂದ್ಮೇಲೆ ಜಿಲ್ಲಾಧಿಕಾರಿ ಕೊಡೋದು.

ನಮ್ಮದು ಮೂರು ಸಂಜೆ ಆದ್ರೆ ಕಪ್ಪೆ ಶಬ್ದ ಬಿಟ್ರೆ ಏನೂ ಕೇಳದ ಮನೆ, ಅವಳು ಬಂದ್ಮೇಲೆ ಕಪ್ಪೆಗಳೇ ಸುಮ್ಮನಾಗಿವೆ. ನಾವಿಬ್ರೂ ಹಂಗಲ್ಲ, ಅವಳು ಹಂಗೆ. ಅವಳು ಹಠ ಮಾಡಿ ನೆಲಕ್ಕೆ ಬಿದ್ದು ಹೊರಳಾಡಿದ್ರೆ ನೆಂಟರ ಕಣ್ಣು ಒಂಥರಾ ಆಗುತ್ತೆ, ಅದೇ ಮದುವೆಮನೇಲಿ ನಮ್ಮಣ್ಣನ ಮಗ ಹೊರಳಾಡಿದ್ರೆ "ತುಂಟ" ಅಂತಾರೆ ಅಷ್ಟೇ. ಇದು ನಂಗೆ ಈಗಲೂ ಉರಿಯುತ್ತೆ. ಅದಕ್ಕೆ ಮಗುವಿನ ಹಿನ್ನೆಲೆ ಬಗ್ಗೆ ಫೈಲಲ್ಲಿ ಏನೇ ಇದ್ರೂ ಯಾರಿಗೂ ಹೇಳ್ಬೇಡಿ, ಅದು ಆ ಮಗೂದು. ದತ್ತು ಅನ್ನೋದನ್ನ ಮಗೂಗೆ ಮಾತ್ರ ಚಿಕ್ಕಂದಿನಿಂದಲೇ ಹೇಳ್ತಾ ಬನ್ನಿ, ಮದುವೆಮನೇಲಿ ಯಾರೋ ದೊಡ್ಡಮ್ಮನ ಬಾಯಿಂದ ಗೊತ್ತಾಗೋದು ಬೇಡ.

ಜೀನ್ಸ್ ವಿಷಯ ನಿಜವಾಗಿ ಬೇಕಾಗೋದು ಒಂದೇ ಕಡೆ, ಡಾಕ್ಟರ್ ಹತ್ರ. ಮನೆತನದಲ್ಲಿ ಶುಗರ್ ಇದೆಯಾ, ಹೃದಯದ ತೊಂದರೆ ಇದೆಯಾ ಅಂತ ಕೇಳ್ತಾರೆ, ನಮಗೆ ಬಾಯಿಗೆ ಬರೋದು ನಮ್ಮದೇ ಅಪ್ಪ ಅಮ್ಮಂದು. ಗೊತ್ತಿಲ್ಲ ಅಂತ ಬರೆಸಿ. ಮಗೂನ ತೋರಿಸುವಾಗ ಒಂದು ಮೆಡಿಕಲ್ ರಿಪೋರ್ಟ್ ಕೊಡ್ತಾರೆ, ಅದನ್ನ ನಿಮಗೆ ನಂಬಿಕೆ ಇರೋ ಮಕ್ಕಳ ಡಾಕ್ಟರಿಗೆ ತೋರಿಸಿ ಆಮೇಲೆ ಹೂಂ ಅನ್ನಿ.